ಫಿಟ್ಸ್ ಪುಸ್ತಕದ ತಪ್ಪು ತಾರೀಖುಗಳು

೧೯೯೪ರ ಜೂನ್ ೧೪, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತು. ತಿರುವನಂತಪುರದ ದೊಡ್ಡ ಆಸ್ಪತ್ರೆಯೊಂದರ ನರರೋಗ ವಿಭಾಗ, ಗೋಡೆಯ ಪಕ್ಕದ ಬೆಂಚು. ಹಾಜರಿದ್ದವರು ಮೂವರು: ನಾನು, ನನ್ನ ಯಜಮಾನರು ಶ್ರೀಧರ, ಅವರ ತಾಯಿ ಪದ್ಮಾವತಿ ಅಮ್ಮ. ಹನ್ನೊಂದು ವರ್ಷದ ಮಗಳು ಅನುವನ್ನು ಕೊಚ್ಚಿಯಲ್ಲಿ ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದೆವು. ನನ್ನ ಟೋಕನ್ ಹದಿನೇಳು. ಆಗ ಒಳಗೆ ಕರೆದದ್ದು ಒಂಬತ್ತನೆಯದನ್ನು.

ಅಂದು ತೀರ್ಮಾನವಾಗಬೇಕಿದ್ದದ್ದು ಒಂದೇ ವಿಷಯ. ಮುಂದಿನ ಸೋಮವಾರ ಕೊಚ್ಚಿಯ ನರ್ಸಿಂಗ್ ಹೋಮೊಂದರಲ್ಲಿ ನನ್ನ ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆಯುವುದೆಂದು ನಿಗದಿಯಾಗಿತ್ತು. ಹಾಸಿಗೆ ಗೊತ್ತುಮಾಡಿ ಆಗಿತ್ತು. ಅದಕ್ಕೆ ಮೊದಲು ಇಲ್ಲಿನ ಡಾಕ್ಟರ ಮಾತು ಕೇಳಿ ಬರೋಣ ಎಂದು ಯಜಮಾನರು ಹಟ ಹಿಡಿದದ್ದರಿಂದ ಬಂದಿದ್ದೆವು. ನನಗೆ ಆ ಹಟ ಇರಲಿಲ್ಲ. ನನಗೆ ಆಗ ಮೂವತ್ತೆಂಟು ವರ್ಷ. ನಾಲ್ಕು ವರ್ಷದಿಂದ ಪ್ರತಿ ತಿಂಗಳೂ ಬಿದ್ದು ಬಿದ್ದು ಸಾಕಾಗಿತ್ತು. ಹುಳುಕು ಹಲ್ಲನ್ನು ಕೀಳಿಸಿದ ಹಾಗೆ ಒಂದು ಸಲ ಮುಗಿಸಿಬಿಡೋಣ ಎಂಬುದು ನನ್ನ ಲೆಕ್ಕ.

ಈಗ ನನಗೆ ಎಪ್ಪತ್ತು ಹತ್ತಿರವಾಗಿದೆ. ಇದನ್ನು ಬರೆಯಲು ಕಾರಣ ಇಷ್ಟೆ. ಮುಟ್ಟಿನ ಆಸುಪಾಸಿನಲ್ಲೇ ಮೂರ್ಛೆ ಬೀಳುವ ಹೆಂಗಸರು ಎರಡು ಗುಟ್ಟುಗಳನ್ನು ಒಟ್ಟಿಗೆ ಹೊರುತ್ತಾರೆ. ಫಿಟ್ಸ್ ಇದೆ ಎನ್ನುವುದನ್ನು ಹೊರಗಿನವರಿಗೆ ಹೇಳುವಂತಿಲ್ಲ. ಮುಟ್ಟಿನ ಮಾತನ್ನು ಮನೆಯ ಗಂಡಸರ ಎದುರಿಗೂ ಆಡುವಂತಿಲ್ಲ. ಆ ಎರಡು ಗುಟ್ಟುಗಳನ್ನು ಒಂದೇ ಹಾಳೆಯಲ್ಲಿ ಬರೆಯಲು ನಾನು ಕಲಿತೆ. ಅದನ್ನೂ ತಪ್ಪಾಗಿ ಬರೆದೆ. ಆ ತಪ್ಪಿನ ಕಥೆ ಇದು.

ನಾನು ಓದಿದ್ದು ಮೈಸೂರಿನ ಒಂದು ಹಾಸ್ಟೆಲಿನಲ್ಲಿ. ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಪ್ರಾರ್ಥನೆ. ಚಾದರ ಮಡಿಸಿದ ಅಂಚು ಸೊಟ್ಟಗಿದ್ದರೆ ತಿಂಡಿ ಇಲ್ಲ. ಆ ಶಿಸ್ತು ಮೈಗೆ ಹತ್ತಿದ್ದರಿಂದಲೇ ಡ್ರಿಲ್ ಟೀಚರ್ ಆದೆ. ಮದುವೆಯಾಗಿ ಕೊಚ್ಚಿಗೆ ಬಂದೆ. ಯಜಮಾನರು ಅಲ್ಲಿ ಕೇಂದ್ರ ಸರಕಾರದ ಒಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದರು. ನನಗೆ ಮಟ್ಟಾಂಚೇರಿಯ ಒಂದು ಹುಡುಗಿಯರ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಂಟು ಹತ್ತರ ದೋಣಿ ಹಿಡಿದರೆ ಪ್ರಾರ್ಥನೆಗೆ ಸರಿಯಾಗಿ ಮೈದಾನದಲ್ಲಿರುತ್ತಿದ್ದೆ.

ಮೊದಲ ಸಲ ಬಿದ್ದದ್ದು ೧೯೯೦ರಲ್ಲಿ, ಆ ಮೈದಾನದಲ್ಲೇ, ಬಾಯಲ್ಲಿ ಸೀಟಿ ಇದ್ದಾಗ. ಎಚ್ಚರವಾದಾಗ ನಾನು ಸ್ಟಾಫ್ ರೂಮಿನ ಮೇಜಿನ ಮೇಲೆ ಮಲಗಿದ್ದೆ. ಅಂಗೈಯಲ್ಲಿ ಒಂದು ಬೀಗದ ಕೈಗೊಂಚಲಿನ ಅಚ್ಚು ಮೂಡಿತ್ತು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ಯಾರೋ ತುರುಕಿದ್ದರು. ಮೈಸೂರಿನಲ್ಲೂ ಅದೇ ನಂಬಿಕೆ, ಕೊಚ್ಚಿಯಲ್ಲೂ ಅದೇ. ಹುಡುಗಿಯರು ಕಿಟಕಿಯಿಂದ ಇಣುಕುತ್ತಿದ್ದರು. ಆರನೆ ತರಗತಿಯ ಒಬ್ಬಳು ನನ್ನ ಸೀಟಿಯನ್ನು ತೊಳೆದು, ಕರ್ಚೀಫಿನಲ್ಲಿ ಒರಸಿ, ಮೇಜಿನ ಮೇಲಿಟ್ಟು ಓಡಿದಳು. ಆ ದಿನ ಇಡೀ ನಾನು ಅತ್ತದ್ದು ಆಗ ಮಾತ್ರ.

ಕೊಚ್ಚಿಯ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೂ ತಿಂಗಳಿಗೊಮ್ಮೆ ಎರಡು ಫಿಟ್ಸ್, ಬಿಡುವುದಿಲ್ಲ. ಬಿದ್ದ ಮರುದಿನ ಮೈಯೆಲ್ಲ ಒನಕೆಯಿಂದ ಕುಟ್ಟಿದಂತೆ ನೋವು, ನಾಲಿಗೆಯ ಅಂಚು ಕಚ್ಚಿ ಗಾಯ. ತಿಂಗಳಿನ ಲೆಕ್ಕವನ್ನು ಮೊದಲು ಕಂಡುಹಿಡಿದದ್ದು ಯಾವ ಡಾಕ್ಟರೂ ಅಲ್ಲ, ನಮ್ಮ ಶಾಲೆಯ ಗುಮಾಸ್ತರು. ರಜೆಯ ರಿಜಿಸ್ಟರ್ ತಿರುವುತ್ತ ಒಂದು ದಿನ ಕೇಳಿದರು, “ಟೀಚರೇ, ನಿಮ್ಮ ರಜೆ ಏಕಾದಶಿ ಹಾಗೆ ಲೆಕ್ಕ ಹಿಡಿದು ಬರುತ್ತದಲ್ಲ, ಉಪವಾಸವಾ?” ನಾನು ನಗಲಿಲ್ಲ. ಆದರೆ ಮನೆಗೆ ಬರುವ ದೋಣಿಯಲ್ಲಿ ಬೆರಳು ಮಡಿಸಿ ಎಣಿಸಿದೆ. ಅವರು ಹೇಳಿದ್ದು ಸರಿ. ಅದು ಯಾವ ಲೆಕ್ಕ ಎನ್ನುವುದೂ ಹೊಳೆಯಿತು. ಅಲ್ಲಿಂದ ನಾನಾಗಿ ಒಬ್ಬ ಹೆಂಗಸರ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ್ದೇ ತಡ, ದಾರಿ ಹೇಳಿದರು. “ಮಗು ಒಂದು ಇದೆಯಲ್ಲ? ಮತ್ತೆ ಇದೆಲ್ಲ ಯಾಕೆ ಇಟ್ಟುಕೊಳ್ಳುವುದು? ತೆಗೆದುಬಿಡೋಣ.”

ತೆಗೆಯುವ ಮೊದಲು ತಿರುವನಂತಪುರದಲ್ಲಿ ತೋರಿಸಿ ಎಂದರು ಮೊದಲಿನ ಡಾಕ್ಟರು. ಅಲ್ಲಿ ಒಬ್ಬ ದೊಡ್ಡ ಡಾಕ್ಟರು ಇಂಥ ಹೆಂಗಸರ ಬಗ್ಗೆಯೇ ಸಂಶೋಧನೆ ನಡೆಸುತ್ತಿದ್ದರು. ೧೯೯೩ರ ನವೆಂಬರಿನಲ್ಲಿ ಅವರನ್ನು ಕಂಡೆ. ನರೆತ ಮೀಸೆ, ಮೆಲ್ಲನೆಯ ದನಿ. ಅವರು ನನಗೆ ಹೇಳಿದ್ದು ಇಷ್ಟೆ: ಹೆಂಗಸರ ಮೈಯಲ್ಲಿ ಒಂದು ಹಾರ್ಮೋನು ಮಿದುಳನ್ನು ಕೆಣಕುತ್ತದೆ, ಇನ್ನೊಂದು ಅದನ್ನು ತಟ್ಟಿ ಮಲಗಿಸುತ್ತದೆ. ಮುಟ್ಟಿಗೆ ಒಂದೆರಡು ದಿನ ಮೊದಲು ಆ ತಟ್ಟುವ ಕೈ ತಟಕ್ಕನೆ ನಿಂತುಹೋಗುತ್ತದೆ. ಕೆಲವರ ಮಿದುಳು ಆಗ ಬೆಚ್ಚಿ ಏಳುತ್ತದೆ. “ಇದು ಹೊಸ ವಿಷಯವೇನಲ್ಲ ಟೀಚರೇ. ಆದರೆ ಹೇಳುವ ಹೆಂಗಸರೂ ಕಡಿಮೆ, ಕೇಳುವ ಡಾಕ್ಟರೂ ಕಡಿಮೆ.”

ಅವರ ಪಟ್ಟಿಗೆ ನಾನೂ ಸೇರಿದೆ. ನಿಯಮ ಎಲ್ಲರಿಗೂ ಒಂದೇ. ಒಂದು ಪುಸ್ತಕ ಇಡಬೇಕು. ಅದರಲ್ಲಿ ಪ್ರತಿ ಫಿಟ್ಸ್ ಬರೆಯಬೇಕು, ತಿಂಗಳಿನ ತಾರೀಖು ಬರೆಯಬೇಕು. ಆ ತಾರೀಖಿನಿಂದ ಇಷ್ಟನೆಯ ದಿನ ಎಂದು ಎಣಿಸಿ ಬಂದು ರಕ್ತ ಕೊಡಬೇಕು. ದಿನದ ಮಾತ್ರೆಯ ಜೊತೆಗೆ ಇನ್ನೊಂದು ಮಾತ್ರೆಯನ್ನು ಬರಲಿರುವ ತಾರೀಖಿಗೆ ಎರಡು ದಿನ ಮೊದಲು ಶುರುಮಾಡಿ ಹತ್ತು ದಿನ ತೆಗೆದುಕೊಳ್ಳಬೇಕು. ಆರು ತಿಂಗಳು ನೋಡೋಣ, ಆಮೇಲೆ ಆಪರೇಷನ್ನಿನ ಮಾತು ಎಂದರು.

ಪುಸ್ತಕ ಇಡುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ನೂರು ಪುಟದ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಫಿಟ್ಸ್ ಬಂದ ದಿನ, ಗಂಟೆ, ಎಷ್ಟು ನಿಮಿಷ, ಎಲ್ಲಿ, ಅಂದು ತಿಂದದ್ದು ಏನು, ಮಾಡಿದ ಕೆಲಸ ಏನು. ತಿಂಗಳಿನ ತಾರೀಖಿನ ಎದುರೂ ಹಾಗೆಯೇ. ಮೊದಲ ಸಲ ತೋರಿಸಿದಾಗಲೇ ಕಿರಿಯ ಲೇಡಿ ಡಾಕ್ಟರು ಅದನ್ನು ಎತ್ತಿ ಹಿಡಿದು ಬೇರೆಯವರಿಗೆ ತೋರಿಸಿದರು. ಇಂಥ ಪುಸ್ತಕ ಇನ್ನೊಂದು ಬಂದಿಲ್ಲ ಎಂದರು. ನನಗೆ ಹೆಮ್ಮೆಯಾಯಿತು.

ಮನೆಯಲ್ಲಿ ಆ ಪುಸ್ತಕದ ಬಗ್ಗೆ ಅತ್ತೆಗೆ ಸಿಟ್ಟು. ಅತ್ತೆ ಕಾಸರಗೋಡಿನ ಕಡೆಯವರು, ಮಾವ ತೀರಿಹೋದ ಮೇಲೆ ನಮ್ಮೊಂದಿಗೆ ಇದ್ದರು. ಆಚಾರದಲ್ಲಿ ಕಟ್ಟುನಿಟ್ಟು. ತಿಂಗಳಿನ ಮೂರು ದಿನ ನಾನು ಹೊರಗೆ. ಕ್ವಾರ್ಟರ್ಸಿನಲ್ಲಿ ಹೊರಗೆ ಎಂದರೆ ಹಿಂದಿನ ಸಣ್ಣ ಕೋಣೆ. ನನ್ನ ಚಾಪೆ, ತಟ್ಟೆ, ಲೋಟ ಬೇರೆ. ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಮಿಂದು ಒಳಗೆ ಬಂದರೆ ಅಡುಗೆಮನೆ ಮತ್ತೆ ನನ್ನದು. “ಇದನ್ನೆಲ್ಲ ಬರೆದು ಗಂಡಸರ ಕೈಗೆ ಕೊಡ್ಲಿಕ್ಕುಂಟಾ?” ಎಂದು ಅತ್ತೆ ಕೇಳುತ್ತಿದ್ದರು. “ಅವರು ಡಾಕ್ಟರು, ಅತ್ತೆ.” “ಡಾಕ್ಟ್ರಾದ್ರೆ ಗಂಡಸು ಅಲ್ವಾ?”

ಬಚ್ಚಲಿನ ಚಿಲಕವನ್ನು ಯಜಮಾನರು ಕಿತ್ತುಹಾಕಿದ್ದರು. ಒಮ್ಮೆ ನಾನು ಒಳಗೆ ಬಿದ್ದು ಬಾಗಿಲು ಒಡೆಯಬೇಕಾಗಿ ಬಂದಿತ್ತು. ಅಲ್ಲಿಂದ ನನ್ನ ಸ್ನಾನದ ಹೊತ್ತಿಗೆ ಅತ್ತೆ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ನಾನು ಎಚ್ಚರವಿದ್ದೇನೆ ಎಂದು ತಿಳಿಯಲು ಏನಾದರೂ ಮಾತಾಡುತ್ತಿರಬೇಕು. ನನಗೆ ಹಾಡು ಬಾರದು. ಹಾಗಾಗಿ ಡ್ರಿಲ್ ಎಣಿಕೆ, “ಏಕ್, ದೋ, ತೀನ್, ಚಾರ್.” ಒಂದು ದಿನ ಸೋಪು ಕಣ್ಣಿಗೆ ಹೋಗಿ ಎರಡಕ್ಕೆ ನಿಂತೆ. “ತೀನ್ ಎಲ್ಲಿ ಹೋಯ್ತು?” ಎಂದು ಅತ್ತೆ ಬಾಗಿಲು ತಳ್ಳಿಕೊಂಡೇ ಬಂದರು.

ಆದರೂ ಅತ್ತೆಯ ಮೇಲೆ ನನಗೆ ಒಂದು ಅಸಮಾಧಾನ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಬಿದ್ದು ಎಚ್ಚರವಾದಾಗಲೆಲ್ಲ ನಾನು ಚಾಪೆಯ ಮೇಲೆ ಒಬ್ಬಳೇ ಇರುತ್ತಿದ್ದೆ. ಅತ್ತೆ ಬಾಗಿಲ ಆಚೆ ನಿಂತಿರುತ್ತಿದ್ದರು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತಿತ್ತು. ಸೊಸೆ ಇಲ್ಲಿ ಒದ್ದಾಡುತ್ತಿದ್ದರೆ ಇವರು ಮೀಯಲು ಹೋಗಿದ್ದರಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಫಿಟ್ಸ್ ಬಂದವರಿಗೆ ಆ ಹೊತ್ತಿನ ನೆನಪು ಒಂದಿಷ್ಟೂ ಉಳಿಯುವುದಿಲ್ಲ. ಮೂರ್ಛೆಗೆ ಮೊದಲು ಕಂಡದ್ದು, ಎಚ್ಚರವಾದಮೇಲೆ ಕಂಡದ್ದು, ಅವೆರಡನ್ನೇ ಹೊಲಿದು ನಾವು ಕಥೆ ಕಟ್ಟಿಕೊಳ್ಳುತ್ತೇವೆ.

ಆರು ತಿಂಗಳು ಹೆಚ್ಚಿನ ಮಾತ್ರೆ ತೆಗೆದುಕೊಂಡೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಒಂದು ಫಿಟ್ಸೂ ಕಡಿಮೆಯಾಗಲಿಲ್ಲ. ಮಾತ್ರೆ ಶುರುಮಾಡುವ ಹೊತ್ತಿಗೆ ಫಿಟ್ಸ್ ಬಂದು ಹೋಗಿ ಆಗಿರುತ್ತಿತ್ತು. ಆಮೇಲೆ ಮಾತ್ರೆಯ ಮಂಪರು ಮಾತ್ರ ಉಳಿಯುತ್ತಿತ್ತು. ಮೇ ತಿಂಗಳ ಕೊನೆಗೆ ನಾನೇ ಹೋಗಿ ನರ್ಸಿಂಗ್ ಹೋಮಿನಲ್ಲಿ ದಿನ ಗೊತ್ತುಮಾಡಿದೆ. ಅನು ಕೇಳಿದಳು. ಕನ್ನಡದಲ್ಲಿ ಕೇಳಿದರೂ ಮಲಯಾಳದಲ್ಲೇ ಉತ್ತರಿಸುವ ಹುಡುಗಿ ಅವಳು. “ಇನಿ ಅಮ್ಮ ವೀಳಿಲ್ಲಲ್ಲೋ?” ಇನ್ನು ಅಮ್ಮ ಬೀಳುವುದಿಲ್ಲ ಅಲ್ಲವೇ ಎಂದು. ಇಲ್ಲ ಎಂದು ಮಾತು ಕೊಟ್ಟೆ.

ಈಗ ಜೂನ್ ಹದಿನಾಲ್ಕರ ಬೆಂಚಿಗೆ ಬರುತ್ತೇನೆ.

ನಮ್ಮ ಎದುರು ಒಬ್ಬ ತಾಯಿ ಹದಿನಾರರ ಮಗಳನ್ನು ಕೂರಿಸಿಕೊಂಡಿದ್ದಳು. ಮಗಳ ಹುಬ್ಬಿನ ಮೇಲೆ ಹೊಸ ಹೊಲಿಗೆ. ನಮ್ಮ ಅತ್ತೆ ಚೀಲದಿಂದ ಬಾಳೆಹಣ್ಣು ತೆಗೆದು ಆ ಹುಡುಗಿಗೆ ಕೊಟ್ಟು, ತಮಗೆ ಬರುವ ಮಲಯಾಳದಲ್ಲಿ, “ಬೀಳುವವರು ಹಸಿದು ಕೂರಬಾರದು” ಎಂದರು. ಆ ತಾಯಿ ನನ್ನ ಕಡೆ ನೋಡಿ, ಅಕ್ಕ ಎನ್ನುವ ಸಲುಗೆಯಲ್ಲಿ, “ಚೇಚಿಗೂ ಇದೆಯಾ?” ಎಂದು ಕೇಳಿದಳು. ಇದೆ ಎಂದೆ. ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಕಾಯುವ ಕೋಣೆಯಲ್ಲಿ ಸಿಗುವ ಔಷಧ ಅದೊಂದೇ.

ಹನ್ನೊಂದು ಇಪ್ಪತ್ತಕ್ಕೆ ಹದಿನೇಳನ್ನು ಕರೆದರು. ಹಿಂದಿನ ಸಲಗಳಲ್ಲಿ ಅತ್ತೆ ಬಂದಿರಲಿಲ್ಲ. ಅಂದು ಆಪರೇಷನ್ನಿನ ಮಾತು ಇದ್ದುದರಿಂದ, “ನಾನೂ ಕೇಳ್ಬೇಕು” ಎಂದು ಒಳಗೇ ಬಂದರು. ಸಿಸ್ಟರ್ ಒಂದು ಸ್ಟೂಲ್ ಕೊಟ್ಟಳು. ಗೋಡೆಯ ಕಡೆ ಮುಖ ಮಾಡಿ ಕೂತರು.

ದೊಡ್ಡ ಡಾಕ್ಟರು ನನ್ನ ಪುಸ್ತಕವನ್ನೂ ಒಂದು ಚೌಕುಳಿ ಹಾಳೆಯನ್ನೂ ಮುಂದಿಟ್ಟುಕೊಂಡಿದ್ದರು. ಬಹಳ ಹೊತ್ತು ನೋಡಿದರು.

“ಬೇರೆಯವರಲ್ಲಿ ಫಿಟ್ಸ್ ಎಲ್ಲ ಮೊದಲ ದಿನದ ಸುತ್ತ ಬಂದು ಕೂರುತ್ತದೆ,” ಎಂದರು. “ನಿಮ್ಮದು ಮೂರು ದಿನ ಮೊದಲು, ನಾಲ್ಕು ದಿನ ಮೊದಲು, ಒಮ್ಮೆ ಐದು. ರಕ್ತದ ಫಲಿತಾಂಶವೂ ಬೇರೆಯವರ ಹಾಗಿಲ್ಲ. ಮಾತ್ರೆಯೂ ನಾಟಲಿಲ್ಲ. ನಿಮ್ಮ ಪುಸ್ತಕಕ್ಕೆ ಇರುವ ನಿಯಮ ನಿಮ್ಮ ಫಿಟ್ಸಿಗೆ ಇಲ್ಲ ಟೀಚರೇ.”

“ಹಾಗಾದರೆ ಸೋಮವಾರದ್ದು ಮಾಡಿಸಬಹುದೇ?” ಎಂದೆ.

“ಮಾಡಿಸಿ ಎನ್ನಲು ನನ್ನ ಹತ್ತಿರ ಕಾರಣ ಇಲ್ಲ. ಬೇಡ ಎನ್ನಲೂ ಇಲ್ಲ. ಅಂಡಾಶಯ ತೆಗೆದರೆ ನಿಂತೇ ನಿಲ್ಲುತ್ತದೆ ಎಂಬ ಖಾತ್ರಿ ನಾನು ಕೊಡಲಾರೆ. ಈ ವಯಸ್ಸಿಗೇ ತೆಗೆದರೆ ಮೂಳೆ ಸವೆಯುತ್ತದೆ, ಬೇರೆ ತೊಂದರೆಗಳೂ ಇವೆ. ಆದರೆ ಇದಕ್ಕಿಂತ ಒಳ್ಳೆಯದು ಇದೆ, ಕಾಯಿರಿ ಎನ್ನಲು ಇದರಲ್ಲಿ ಏನೂ ಸಿಗುತ್ತಿಲ್ಲ.” ಹಾಳೆಯನ್ನು ಕಿರಿಯ ಡಾಕ್ಟರ ಕಡೆ ಸರಿಸಿ ಮಲಯಾಳದಲ್ಲಿ ಹೇಳಿದರು, “ಏಪ್ರಿಲ್ ನೋಡು. ಮೊದಲ ದಿನ ಹದಿನಾಲ್ಕು, ವಿಷು ಹಬ್ಬದ ದಿನ. ಫಿಟ್ಸ್ ಹತ್ತು, ಹನ್ನೊಂದಕ್ಕೇ ಬಂದು ಹೋಗಿದೆ.”

ಸ್ಟೂಲಿನಿಂದ ಅತ್ತೆ ತಿರುಗಿದರು. “ಎಂತ? ವಿಷುವಿನ ದಿನವಾ?”

ಅತ್ತೆ ಎದ್ದು ಮೇಜಿನ ಹತ್ತಿರ ಬಂದರು. ಆಡಿದ ಮಾತು ಅರ್ಧ ಮಲಯಾಳ, ಅರ್ಧ ಕನ್ನಡ.

“ಡಾಕ್ಟ್ರೇ, ವಿಷುವಿನ ದಿನ ಇವಳು ಹೊರಗೆ ಇರ್ಲಿಲ್ಲ. ಬೆಳಿಗ್ಗೆ ಮಿಂದು ಒಳಗೆ ಬಂದವಳು. ಅಂದು ಪಾಯಸ ಮಾಡಿದ್ದೇ ಇವಳು. ಅದನ್ನು ನಾನು ದೇವರಿಗೆ ಇಟ್ಟದ್ದು. ಹೊರಗಿದ್ದವಳು ಮಾಡಿದ ಪಾಯಸ ದೇವರಿಗೆ ಇಡ್ತೇನಾ ನಾನು? ನಮ್ಮನ್ನು ಎಂತ ಗ್ರಹಿಸಿದ್ದೀರಿ ನೀವು?”

“ಅಮ್ಮೇ, ಪುಸ್ತಕದಲ್ಲಿ ಹಾಗೆ ಬರೆದಿದೆ,” ಎಂದರು ಡಾಕ್ಟರು, ಪಾಪ, ತಾವೇ ತಪ್ಪು ಮಾಡಿದವರ ಹಾಗೆ.

“ಬರೆದವಳು ಇಲ್ಲೇ ಇದ್ದಾಳಲ್ಲ. ಕೇಳಿ.”

ಎಲ್ಲರೂ ನನ್ನನ್ನು ನೋಡಿದರು. ನಾನು ಪುಸ್ತಕ ನೋಡಿದೆ. ಏಪ್ರಿಲ್ ಹದಿನಾಲ್ಕರ ಎದುರು, ಮಾಡಿದ ಕೆಲಸದ ಅಂಕಣದಲ್ಲಿ, ನನ್ನ ದುಂಡು ಅಕ್ಷರದಲ್ಲೇ ಇತ್ತು: ‘ಪಾಯಸ, ಎರಡು ಪಲ್ಯ, ಹಪ್ಪಳ.’

“ಅದು ಸ್ನಾನದ ದಿನ,” ಎಂದೆ.

“ಯಾವ ಸ್ನಾನ?”

“ನಾಲ್ಕನೆಯ ದಿನದ ಸ್ನಾನ. ಮಿಂದು ಒಳಗೆ ಬರುವ ದಿನ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಈ ಒಂದು ತಾರೀಖು ಮಾತ್ರವೇ?”

“ಎಲ್ಲ ತಾರೀಖೂ.”

ಹೇಗೆ ಹೀಗಾಯಿತು ಎಂದು ಓದುವವರು ಕೇಳಬಹುದು. ನಮ್ಮಲ್ಲಿ ತಿಂಗಳಿನ ತಾರೀಖು ಎಂದರೆ ಮಿಂದ ದಿನವೇ. ಮೈಸೂರಿನಲ್ಲಿ ನನ್ನ ತಾಯಿ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತಿದ್ದದ್ದು ಆ ದಿನಕ್ಕೆ. ಕೊಚ್ಚಿಯಲ್ಲಿ ಅತ್ತೆ ಅರಸಿನದ ಬೆರಳು ಒತ್ತುತ್ತಿದ್ದದ್ದೂ ಆ ದಿನಕ್ಕೇ. ಅನು ಹೊಟ್ಟೆಯಲ್ಲಿದ್ದಾಗ ‘ಮಿಂದು ಎಷ್ಟು ದಿನವಾಯಿತು’ ಎಂದೇ ಮನೆಯವರೆಲ್ಲ ಎಣಿಸಿದ್ದರು. ಹೊರಗೆ ಕೂತ ದಿನವನ್ನು ಯಾರೂ ಗುರುತು ಹಾಕುವುದಿಲ್ಲ. ಅದರ ಮೇಲೆ, ಸಂಜೆ ದೀಪ ಹಚ್ಚಿದ ಮೇಲೆ ಆದರೆ ಅತ್ತೆಯ ಲೆಕ್ಕ ಮರುದಿನದಿಂದ ಶುರು. ಹಾಗಾಗಿ ಸ್ನಾನ ಕೆಲವು ಸಲ ಒಂದು ದಿನ ಮುಂದೆ ಹೋಗುತ್ತಿತ್ತು. ಡಾಕ್ಟರು ತಾರೀಖು ಬರೆಯಿರಿ ಎಂದರು, ನಾನು ಹುಟ್ಟಿದಾಗಿನಿಂದ ತಿಳಿದ ತಾರೀಖನ್ನು ಬರೆದೆ. ಗಂಡಸರಿದ್ದ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

“ಸರಿ, ಹನ್ನೊಂದನೆಯ ತಾರೀಖಿನ ಫಿಟ್ಸ್ ಬಂದಾಗ ನೀವು ಆಗಲೇ ಹೊರಗೆ ಇದ್ದಿರೋ, ಇನ್ನೂ ಇಲ್ಲವೋ?” ಎಂದು ಡಾಕ್ಟರು ಕೇಳಿದರು.

ನಾನು ಯೋಚಿಸಿದೆ. ಎಚ್ಚರವಾದದ್ದು ಹಿಂದಿನ ಕೋಣೆಯಲ್ಲಿ. ಆದರೆ ಯಾರಾದರೂ ಎತ್ತಿ ತಂದು ಮಲಗಿಸಿರಲೂಬಹುದು. ಖಂಡಿತವಾಗಿ ಹೇಳಲು ಆಗಲಿಲ್ಲ.

“ಹೊರಗಿನ ಮೊದಲ ದಿನ,” ಎಂದರು ಅತ್ತೆ. “ಮಧ್ಯಾಹ್ನ ಊಟಕ್ಕೆ ಮೊದಲು. ಹತ್ತನೇ ತಾರೀಕಿಂದು ಅಡುಗೆಮನೆಯಲ್ಲಿ, ಆಗ ಹೊರಗಲ್ಲ. ಹನ್ನೊಂದರದ್ದು ಹೊರಗೆ.”

“ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಮ್ಮೇ?”

“ನಾನು ಮತ್ತೆ ಮಿಂದಿದ್ದೇನಲ್ಲ. ಹತ್ತರಂದು ಮೀಯ್ಲಿಲ್ಲ, ಹನ್ನೊಂದಕ್ಕೆ ಮಿಂದೆ.”

ಕಿರಿಯ ಡಾಕ್ಟರಿಗೆ ಅರ್ಥವಾಗಲಿಲ್ಲ. ದೊಡ್ಡ ಡಾಕ್ಟರಿಗೆ ಆಯಿತು. “ಹೊರಗಿದ್ದವರನ್ನು ನೀವು ಮುಟ್ಟಿದಿರಾ?”

“ಮುಟ್ಟದೆ? ತಲೆ ನೆಲಕ್ಕೆ ಬಡಿಯುವಾಗ ಮಡಿ ನೋಡಿ ಕೂರ್ಲಿಕ್ಕೆ ಆಗ್ತದಾ? ತಲೆಯನ್ನು ತೊಡೆ ಮೇಲೆ ಇಟ್ಟುಕೊಳ್ಳುವುದು, ಮಗ್ಗುಲಿಗೆ ತಿರುಗಿಸುವುದು, ಬಾಯಿ ಒರಸುವುದು. ಕೈಕಾಲು ಸುಮ್ಮನಾದ ಮೇಲೆ ಮಲಗಿಸಿ ಹೋಗಿ ಮೀಯುವುದು. ಪ್ರತಿ ತಿಂಗಳೂ ಅದೇ. ಮೀಯ್ಲಿಕ್ಕೆ ಕೊಚ್ಚಿಯಲ್ಲಿ ನೀರಿಗೆ ಬರವಾ?”

“ಬರವೇ ಅಮ್ಮ,” ಎಂದರು ಯಜಮಾನರು ಮೆಲ್ಲಗೆ. “ನಮ್ಮ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ.”

“ನೀನು ಸುಮ್ಮನಿರು.”

ತೊಟ್ಟಿಕ್ಕುವ ಕೂದಲಿನಲ್ಲಿ ಬಾಗಿಲ ಆಚೆ ನಿಂತ ಅತ್ತೆಯನ್ನು ನಾಲ್ಕು ವರ್ಷ ನಾನು ತಪ್ಪಾಗಿ ಓದಿದ್ದೆ. ಅವರು ನನ್ನನ್ನು ಬಿಟ್ಟು ಮೀಯಲು ಹೋದವರಲ್ಲ, ನನ್ನನ್ನು ಹಿಡಿದದ್ದಕ್ಕೆ ಮಿಂದವರು. ಅರವತ್ತೇಳರ ಮುದುಕಿ, ಮಳೆಗಾಲದಲ್ಲೂ ತಣ್ಣೀರಿನಲ್ಲಿ. ಮಡಿಯನ್ನು ಅವರು ಬಿಟ್ಟಿರಲಿಲ್ಲ, ಅದನ್ನು ಸ್ವಲ್ಪ ಹೊತ್ತು ಕಾಯಿಸಿದ್ದರು. ಆ ಕೋಣೆಯಲ್ಲಿ ಅಳುವುದು ಸರಿಯಲ್ಲವೆಂದು ಕಿಟಕಿಯ ಸರಳುಗಳನ್ನು ಎಣಿಸಿದೆ. ಒಂಬತ್ತು ಇದ್ದವು.

ಕಿರಿಯ ಡಾಕ್ಟರು ಹೊಸ ಚೌಕುಳಿ ಹಾಳೆ ತೆಗೆದರು. ಅತ್ತೆ ಹೇಳಿದ ಹಾಗೆ ಒಂದೊಂದು ತಾರೀಖನ್ನೂ ಮೂರು ದಿನ, ಕೆಲವನ್ನು ನಾಲ್ಕು ದಿನ ಹಿಂದಕ್ಕೆ ಸರಿಸುತ್ತ ಹೋದರು. ಫಿಟ್ಸಿನ ಗುರುತುಗಳು ಸಾಲು ಬಿಟ್ಟ ಮಕ್ಕಳು ಸೀಟಿ ಕೇಳಿ ಓಡಿಬಂದ ಹಾಗೆ ಒಂದರ ಹಿಂದೆ ಒಂದು ಬಂದು ನಿಂತವು. ಎಲ್ಲವೂ ಮೊದಲ ದಿನ, ಇಲ್ಲವೇ ಅದರ ಹಿಂದಿನ ದಿನ. ನಾನು ಮಾತ್ರೆ ಶುರುಮಾಡುತ್ತಿದ್ದದ್ದು ಎರಡನೆಯ ದಿನ, ಕೆಲವೊಮ್ಮೆ ಮೂರನೆಯ ದಿನ.

“ಕಳ್ಳ ಹೋದ ಮೇಲೆ ಬಾಗಿಲು ಹಾಕಿದ್ದೇವೆ ಆರು ತಿಂಗಳು,” ಎಂದರು ದೊಡ್ಡ ಡಾಕ್ಟರು. “ರಕ್ತವನ್ನೂ ತಪ್ಪು ದಿನ ತೆಗೆದಿದ್ದೇವೆ. ಟೀಚರೇ, ನಿಮ್ಮ ಫಿಟ್ಸಿಗೆ ನಿಯಮ ಇದೆ. ನನ್ನ ಪಟ್ಟಿಯಲ್ಲಿ ಇಷ್ಟು ಶಿಸ್ತಿನದು ಬೇರೆ ಇಲ್ಲ.”

“ತಪ್ಪು ನನ್ನದು,” ಎಂದೆ. ಡ್ರಿಲ್ ಟೀಚರ್ ತಪ್ಪನ್ನು ನಿಂತೇ ಒಪ್ಪಿಕೊಳ್ಳಬೇಕು ಎಂದು ಎದ್ದು ನಿಂತಿದ್ದೆ.

“ಅಲ್ಲ, ಕೂತುಕೊಳ್ಳಿ. ತಾರೀಖು ಕೇಳಿದ್ದು ನಾವು. ಆ ದಿನ ಏನಾಯಿತು ಎಂದು ಕೇಳಲಿಲ್ಲ. ಇನ್ನುಳಿದ ಹೆಂಗಸರನ್ನೂ ಈಗ ಕೇಳಬೇಕು.” ಮತ್ತೆ ನನ್ನ ಕಡೆ ತಿರುಗಿ ಹೇಳಿದರು, “ತೆಗೆದುಹಾಕಿದ್ದನ್ನು ಮತ್ತೆ ಇಡಲಾಗುವುದಿಲ್ಲ. ಮಾತ್ರೆಯನ್ನು ಸರಿಯಾದ ದಿನ ಇನ್ನಾರು ತಿಂಗಳು ಕೊಟ್ಟು ನೋಡೋಣ. ಈಗ ಕಾಯಿರಿ ಎನ್ನಲು ನನ್ನ ಹತ್ತಿರ ಕಾರಣ ಇದೆ.”

“ಸೋಮವಾರ?”

“ಸೋಮವಾರ ಶಾಲೆಗೆ ಹೋಗಿ.”

ಕಾಯುವುದು ನನ್ನ ಸ್ವಭಾವವಲ್ಲ. ಅನುವಿಗೆ ಮಾತು ಬೇರೆ ಕೊಟ್ಟಿದ್ದೆ. ಆದರೆ ತಪ್ಪು ತಾರೀಖಿನ ಮೇಲೆ ಕತ್ತರಿ ಹಾಕಿಸಿಕೊಳ್ಳುವುದು ಯಾವ ಶಿಸ್ತು? ಹನ್ನೆರಡೂಕಾಲಿಗೆ ಆಸ್ಪತ್ರೆಯ ಎದುರಿನ ಟೆಲಿಫೋನ್ ಬೂತಿನಿಂದ ಕೊಚ್ಚಿಗೆ ಫೋನ್ ಮಾಡಿ ಹಾಸಿಗೆ ಬಿಡಿಸಿದೆ. ಬೇರೆ ದಿನ ಹಾಕಲೇ ಎಂದು ಕೇಳಿದರು. ಬೇಡ ಎಂದೆ.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಜುಲೈಯಲ್ಲಿ ಮಾತ್ರೆಯನ್ನು ಸರಿಯಾದ ದಿನ ಶುರುಮಾಡಿದೆ. ಹಿಂದಿನ ದಿನ ಕಳೆಯಿತು. ಹೊರಗಿನ ಮೊದಲ ದಿನ ಬಂತು. ಅತ್ತೆ ಬೆಳಿಗ್ಗೆಯಿಂದ ಹಿಂದಿನ ಕೋಣೆಯ ಹೊಸ್ತಿಲಾಚೆ ಬತ್ತಿ ಹೊಸೆಯುತ್ತ ಕೂತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, “ಇವತ್ತು ನನಗೆ ಮೀಯುವ ಕೆಲಸ ಇಲ್ಲವಾ ಹಾಗಾದ್ರೆ?” ಎಂದರು. ಎಲ್ಲ ತಿಂಗಳೂ ಹಾಗೆ ಹೋಗಲಿಲ್ಲ. ಜ್ವರ ಬಂದಾಗ, ನಿದ್ದೆ ಕೆಟ್ಟಾಗ ಬಿದ್ದದ್ದಿದೆ. ಅನುವಿಗೆ ಕೊಟ್ಟ ಮಾತನ್ನು ಪೂರ್ತಿ ನಡೆಸಲಾಗಲಿಲ್ಲ. ಆದರೆ ವರ್ಷಕ್ಕೆ ಮೂರೋ ನಾಲ್ಕೋ ಸಲ ಬೀಳುವುದಕ್ಕೂ ತಿಂಗಳಿಗೆ ಎರಡು ಸಲ ಬೀಳುವುದಕ್ಕೂ ಇರುವ ಅಂತರ ಬಿದ್ದವರಿಗೇ ಗೊತ್ತು. ಮುಟ್ಟು ನಿಲ್ಲುವ ವಯಸ್ಸಿಗೆ ಅದು ತಾನಾಗಿ ನಿಂತಿತು, ಫಿಟ್ಸೂ ಹೆಚ್ಚುಕಡಿಮೆ ನಿಂತಿತು. ಈಗಲೂ ರಾತ್ರಿ ಎಂಟಕ್ಕೆ ಒಂದು ಮಾತ್ರೆ ಇದೆ. ಅತ್ತೆ ಆಚಾರವನ್ನು ಕೊನೆಯವರೆಗೂ ಬಿಡಲಿಲ್ಲ, ನಾನು ಬಿಡಿ ಎಂದು ಕೇಳಲೂ ಇಲ್ಲ. ಅದು ಸರಿಯೆಂದು ನಾನು ಹೇಳುತ್ತಿಲ್ಲ. ಅನು ಅದನ್ನು ಪಾಲಿಸಲಿಲ್ಲ. ಅದಕ್ಕೆ ಅತ್ತೆ ಅವಳನ್ನು ಬೈದರು, ಬೈದು ಅವಳಿಗೆ ದೋಸೆ ಹಾಕಿಕೊಟ್ಟರು.

ಜೂನ್ ಹದಿನಾಲ್ಕಕ್ಕೆ ಇನ್ನೊಂದು ಕೆಲಸ ಬಾಕಿ ಇತ್ತು. ತಿದ್ದಿದ ತಾರೀಖುಗಳನ್ನು ಆಸ್ಪತ್ರೆಯ ಅಚ್ಚು ಹಾಳೆಯಲ್ಲಿ ಬರೆದು ಅಂದೇ ಐದರೊಳಗೆ ಕೊಡಬೇಕಿತ್ತು. ಅಂಗಳದ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಅತ್ತೆ ತಂದಿದ್ದ ಮೊಸರವಲಕ್ಕಿ ತಿಂದು, ಕೈ ತೊಳೆದು, ಒಳಗೆ ಹೇಳಿದ್ದನ್ನು ಇನ್ನೊಮ್ಮೆ ತಾಳೆ ನೋಡಲು ನಾನು ಪುಸ್ತಕ ತೆರೆದೆ. ನವೆಂಬರಿನಿಂದ ಜೂನಿನವರೆಗೆ ಎಂಟು ಸಾಲು. ಅತ್ತೆ ಏನನ್ನೂ ಬರೆದಿಟ್ಟಿರಲಿಲ್ಲ. ಆದರೆ ಒಂದೊಂದು ಸ್ನಾನಕ್ಕೂ ಒಂದು ನೆನಪಿತ್ತು.

“ಡಿಸೆಂಬರಿನದ್ದು?”

“ನನಗೆ ಶೀತ ಆಗಿತ್ತು. ಬಿಸಿನೀರು ಕಾಯಿಸಿದ್ದೆಯಾ ಅಂತ ಶ್ರೀಧರ ಸಂಜೆ ಕೇಳಿದ. ಸೋಮವಾರ.”

“ಫೆಬ್ರವರಿ?”

“ಅಂದು ನೀರು ಇರ್ಲಿಲ್ಲ. ಕೆಳಗಿನ ಮನೆಯಿಂದ ಎರಡು ಕೊಡ ತಂದೆ. ಆ ಮನೆಯ ಹುಡುಗಿ ಕೇಳಿದಳು, ಅಮ್ಮಮ್ಮ ಎಷ್ಟು ಸಲ ಮೀಯ್ತೀರಿ ಅಂತ.”

“ಏನು ಹೇಳಿದಿರಿ?”

“ಸೆಕೆ ಅಂತ ಹೇಳಿದೆ. ಮತ್ತೆಂತ ಹೇಳುವುದು?”

ಯಜಮಾನರು ಕ್ಯಾಲೆಂಡರ್ ಹಿಡಿದು ವಾರ ತಾಳೆ ನೋಡಿದರು. ಒಂದೂ ತಪ್ಪಲಿಲ್ಲ. ಹಾಳೆಯ ಕೊನೆಯ ಅಂಕಣದಲ್ಲಿ ‘ಕಣ್ಣಾರೆ ಕಂಡವರು’ ಎಂದಿತ್ತು. ಹಿಂದಿನ ಹಾಳೆಗಳಲ್ಲೆಲ್ಲ ಅಲ್ಲಿ ಯಜಮಾನರ ಹೆಸರು ಬರೆದಿದ್ದೆ, ಗಂಡನ ಹೆಸರೇ ಬರೆಯಬೇಕು ಎಂದುಕೊಂಡು. ಈ ಸಲವೂ ಅದನ್ನೇ ಬರೆಯಲು ಹೊರಟಾಗ ಅವರು ನನ್ನ ಕೈ ತಡೆದರು.

“ನಾನು ಒಂದನ್ನೂ ನೋಡಿಲ್ಲ ವಿಮಲಾ. ನಾನು ಆಫೀಸಿನಲ್ಲಿರುತ್ತಿದ್ದೆ.”

ಅತ್ತೆಯ ಮುಂದೆ ಹಾಳೆ ಇಟ್ಟೆ. “ನನಗೆ ಕನ್ನಡದಲ್ಲಿ ಮಾತ್ರ ಬರುವುದು,” ಎಂದರು. ಸಾಕು ಎಂದೆ. ನನ್ನ ರಟ್ಟಿನ ಪುಸ್ತಕವನ್ನು ಅಡಿಗಿಟ್ಟು ಪೆನ್ನು ಕೊಟ್ಟೆ. ಅಕ್ಷರಕ್ಕೊಂದು ಉಸಿರು ಬಿಡುತ್ತ ‘ಪದ್ಮಾವತಿ’ ಎಂದು ಬರೆದರು. ಮುಗಿಸಿ ಎರಡನೆಯ ಸಾಲಿಗೆ ಇಳಿದರು.

“ಒಂದು ಸಹಿ ಸಾಕು ಅತ್ತೆ.”

“ನೀನು ಬಿದ್ದದ್ದು ಒಂದು ಸಲವಾ?”

ಎಂಟು ಸಾಲಿಗೂ ಸಹಿ ಹಾಕಿದರು. ನಾನು ಹಾಳೆಯ ಅಂಚನ್ನು ಒತ್ತಿ ಹಿಡಿದುಕೊಂಡೆ. ಶಾಯಿ ಆರುವವರೆಗೆ ಕಾದೆವು. ನಾಲ್ಕು ನಲವತ್ತಕ್ಕೆ ಅದನ್ನು ಮಡಿಸದೆ ಒಳಗೆ ಕೊಂಡುಹೋಗಿ ಸಿಸ್ಟರ್ ಕೈಗೆ ಕೊಟ್ಟೆ.